ಎರಡು ಬೆರಳಿನ ಬ್ರೇಕ್

ಬೆಳಿಗ್ಗೆ ಹೊತ್ತು ನನ್ನ ಕೈಬೆರಳುಗಳು ನನ್ನ ಮಾತು ಕೇಳುವುದಿಲ್ಲ. ಕಾಫಿ ಲೋಟ ಎತ್ತಲು ಎರಡು ಅಂಗೈ ಬೇಕು, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಗಂಡನನ್ನು ಕೂಗಬೇಕು. ಬಿಸಿಲೇರಿದ ಮೇಲೆ ಒಂದೊಂದಾಗಿ ಸಡಿಲವಾಗುತ್ತವೆ. ತೀರ್ಥಹಳ್ಳಿಯ ಡಾಕ್ಟರು ಇದಕ್ಕೆ ಸಂಧಿವಾತ ಅಂತ ಹೆಸರು ಹೇಳಿ, ಮಾತ್ರೆ ಬರೆದು, "ಕೈಗೆ ಜೋರು ಕೊಡಬೇಡಿ" ಅಂದರು. ಅವರಿಗೇನು, ಅಂದುಬಿಟ್ಟರು. ನಾನು ಹೊಸನಗರದಿಂದಾಚೆ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ದಿನಾ ಗೇರ್ ಸೈಕಲ್ ತುಳಿದುಕೊಂಡು ಹೋಗುವವಳು. ತುಳಿಯಲು ಕಾಲು ಸಾಕು, ನಿಲ್ಲಿಸಲು ಕೈ ಬೇಕಲ್ಲ.

ಬಸ್ಸಿಲ್ಲ ಅಂತಲ್ಲ. ಒಂದು ಬಸ್ಸು ಶಾಲೆಯ ಬೀಗ ತೆಗೆಯುವುದಕ್ಕೆ ಎಷ್ಟೋ ಮೊದಲೇ ಕೊಂಡೊಯ್ದು ಇಳಿಸುತ್ತದೆ, ಇನ್ನೊಂದು ಪ್ರಾರ್ಥನೆ ಮುಗಿದ ಮೇಲೆ. ಅದಕ್ಕೇ ಸೈಕಲ್ ತಗೊಂಡಿದ್ದು. ದಪ್ಪ ಟೈರಿನ ಆ ಸೈಕಲ್ ಮನೆಗೆ ಬಂದಾಗ ಬೀದಿಯವರೆಲ್ಲ ನಕ್ಕಿದ್ದರು. "ಟೀಚರೇ, ಯಾವ ರೇಸಿಗೆ?" ಅಂತ ಕೇಳಿದವರಿಗೆ "ನಿಮ್ಮ ಜೊತೆಗೇ, ಬರ್ತೀರಾ?" ಅಂದಿದ್ದೆ.

ದಾರಿಯಲ್ಲಿ ಒಂದು ಉದ್ದನೆಯ ಇಳಿಜಾರು. ಮನೆಯಿಂದ ನಡೆದುಕೊಂಡೇ ಹೋಗಿ ನೋಡಬಹುದಾದಷ್ಟು ಹತ್ತಿರ. ಕೆಳಗೆ ತಿರುವು, ತಿರುವಿನಲ್ಲೇ ಮೋರಿ. ನನ್ನ ಸೈಕಲ್ಲಿಗೆ ಚಕ್ರದ ನಡುವಿನ ಉಕ್ಕಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕೇ ಇತ್ತು, ಆದರೆ ತಂತಿ ಎಳೆಯುವ ಜಾತಿಯದ್ದು. ಮುಷ್ಟಿ ಪೂರ್ತಿ ಬಿಗಿದು ಹಿಂಡಿದರೆ ಮಾತ್ರ ಹಿಡಿಯುತ್ತಿತ್ತು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮೋರಿಯ ಮೇಲೆ ಎಮ್ಮೆಯೊಂದು ಅಡ್ಡ ನಿಂತಿತ್ತು. ಹಿಂಡಿದೆ, ಬೆರಳು ಮಡಚಲೇ ಇಲ್ಲ. ಚಪ್ಪಲಿ ನೆಲಕ್ಕೆ ಉಜ್ಜಿ, ಕೊನೆಗೆ ಬೇಕಂತಲೇ ಚರಂಡಿಗೆ ಇಳಿಸಿದೆ. ಮೊಣಕೈ ತರಚಿತು, ಚೂಡಿದಾರ ಹರಿಯಿತು. ಎಮ್ಮೆ ಒಂದು ಸಲ ನನ್ನ ಕಡೆ ನೋಡಿ ಮೆಲುಕು ಹಾಕುತ್ತಾ ಅಲ್ಲೇ ನಿಂತಿತು.

ಮನೆಯಲ್ಲಿ ಇವರು ಅರಿಶಿಣ ಹಚ್ಚುತ್ತಾ, "ಸಾಕು ಮಾರಾಯ್ತಿ, ಯಾರಿಗಾದ್ರೂ ಕೊಟ್ಟುಬಿಡಣ. ಒಂದು ಸ್ಕೂಟಿ ತಗೋ" ಅಂದರು. ಇವರದು ಪೇಟೆಯಲ್ಲಿ ಹಿಟ್ಟಿನ ಗಿರಣಿ, ದಿನಾ ಬಾಗಿಲು ತೆಗೆಯುವುದು ಮಾತ್ರ ತಡ. ಕೈಯಲ್ಲಿ ಆಗುವುದು ಮಿಷನ್ನಿನಲ್ಲಿ ಇನ್ನೂ ಚೆನ್ನಾಗಿ ಆಗುತ್ತದೆ ಅಂತ ನಂಬಿದ ಮನುಷ್ಯ.

"ಸ್ಕೂಟಿ ಬ್ರೇಕ್ ಏನು ಹಲ್ಲಲ್ಲಿ ಹಿಡಿಯೋದಾ?" ಅಂದೆ.

ನನಗೆ ಸಿಟ್ಟು ಬಂದಿದ್ದು ಸ್ಕೂಟಿ ಮೇಲಲ್ಲ. ಈ ಬೆರಳುಗಳು ಇವತ್ತು ಸೈಕಲ್ ಬಿಡಿಸುತ್ತವೆ, ನಾಳೆ ಸೀಮೆಸುಣ್ಣ ಬಿಡಿಸುತ್ತವೆ, ಆಮೇಲೆ ತಲೆ ಬಾಚಲೂ ಇನ್ನೊಬ್ಬರ ಕೈ ಕಾಯಬೇಕು. ಒಂದನ್ನು ಬಿಟ್ಟರೆ ಸಾಲಾಗಿ ಎಲ್ಲ ಬಿಡುತ್ತಾ ಹೋಗುತ್ತೇನೆ ಅನ್ನುವ ಹೆದರಿಕೆ ನನ್ನದು. ಸೈಕಲ್ ಬಿಡುವುದಿಲ್ಲ, ಬ್ರೇಕ್ ಬದಲಾಯಿಸುತ್ತೇನೆ ಅಂತ ಹಟ ಹಿಡಿದೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ತೀರ್ಥಹಳ್ಳಿಯಲ್ಲೇ ಒಂದು ಸೈಕಲ್ ಅಂಗಡಿಗೆ ಹೋದೆವು. ಕೇಳಿದವಳು ನಾನು, ಅಂಗಡಿಯವನು ಉತ್ತರ ಕೊಟ್ಟಿದ್ದು ನಮ್ಮನೆಯವರಿಗೆ. "ಯಜಮಾನ್ರೇ, ಇವರೇನು ಆಗುಂಬೆ ಘಾಟಿ ಇಳೀತಾರಾ? ಹೊಸ ಕೇಬಲ್ ಕೊಡ್ತೀನಿ, ಹಾಕಿದ್ರೆ ಬೆಣ್ಣೆ ಹಾಗೆ ಆಗ್ತದೆ." ಆ ಬೆಣ್ಣೆ ಕೇಬಲ್ ತಂದು ಹಾಕಿಸಿದ್ದೂ ಆಯಿತು. ಮಾರನೇ ಬೆಳಿಗ್ಗೆ ಅದೇ ಮುಷ್ಟಿ, ಅದೇ ನೋವು.

ಆಮೇಲೆ ನಾನೇ ಮೊಬೈಲು ಹಿಡಿದು ಕೂತೆ. ವಿಡಿಯೋದಲ್ಲಿ ಬರುವವರೆಲ್ಲ ಬಂಡೆಯಿಂದ ಬಂಡೆಗೆ ಹಾರುವ ಹುಡುಗರು. ಬೆರಳು ನೋಯುವವರು ಒಬ್ಬರೂ ಇಲ್ಲ. ಆದರೂ ಕೇಳಿ ಕೇಳಿ ಒಂದಿಷ್ಟು ತಿಳಿಯಿತು. ಹೈಡ್ರಾಲಿಕ್ ಬ್ರೇಕಿನಲ್ಲಿ ತಂತಿ ಇಲ್ಲ, ಸಣ್ಣ ಪೈಪಿನೊಳಗೆ ಎಣ್ಣೆ. ಹ್ಯಾಂಡಲ್ಲಿನ ಲಿವರನ್ನು ಸ್ವಲ್ಪ ಒತ್ತಿದರೆ ಸಾಕು, ಎಣ್ಣೆ ಆ ತುದಿಯಲ್ಲಿ ಪ್ಯಾಡು ಅನ್ನುವ ಎರಡು ಸಣ್ಣ ತುಂಡುಗಳನ್ನು ತಳ್ಳಿ ಡಿಸ್ಕನ್ನು ಎರಡೂ ಕಡೆಯಿಂದ ಅಮುಕುತ್ತದೆ. ಆ ಎಣ್ಣೆಯಲ್ಲೂ ಎರಡು ಜಾತಿ. ಒಂದು ಬೈಕಿಗೆ ಹಾಕುವಂಥದ್ದು, ಗಾಳಿಯ ತೇವ ಹೀರುತ್ತದೆ. ಇನ್ನೊಂದು ಮಿನರಲ್ ಆಯಿಲ್, ಹೀರುವುದಿಲ್ಲ. ನಮ್ಮೂರ ಗಾಳಿಗೆ ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ, ಹಾಗಾಗಿ ಮಿನರಲ್ ಆಯಿಲ್ ಅಂತ ತೀರ್ಮಾನ ಮಾಡಿದೆ. ಪ್ಯಾಡಿನಲ್ಲೂ ಮೆತ್ತನೆಯದು ಕೆಸರಿಗೆ ಬೇಗ ಸವೆಯುತ್ತದೆ, ಲೋಹ ಬೆರೆಸಿದ್ದು ಕಿರುಚಿದರೂ ಬಾಳುತ್ತದೆ. ಕಿರುಚಲಿ ಬಿಡಿ, ತರಗತಿಯಲ್ಲಿ ಅದಕ್ಕಿಂತ ಜಾಸ್ತಿ ಕೇಳಿದ್ದೇನೆ. ಇವರು ಪಕ್ಕದಲ್ಲಿ ಕೂತು, "ಇಷ್ಟು ಯೋಚನೆ ನಾನು ಮದುವೆಗೂ ಮಾಡ್ಲಿಲ್ಲ" ಅಂದರು. "ಅದು ಗೊತ್ತಾಗ್ತಾ ಇದೆ" ಅಂದೆ.

ಈ ಸಲ ಸಾಗರದ ಒಂದು ಅಂಗಡಿಗೆ ಸೈಕಲ್ಲನ್ನು ಪರಿಚಯದವರ ಪಿಕಪ್ಪಿನಲ್ಲಿ ಹಾಕಿಕೊಂಡು ಹೋದೆವು. ಅಲ್ಲಿನವನು ನನ್ನ ಮುಖ ನೋಡಿಯೇ ಮಾತಾಡಿದ, ಅಷ್ಟಕ್ಕೇ ಅರ್ಧ ವ್ಯಾಪಾರ ಕುದುರಿತು. ಎರಡು ಸೆಟ್ ತೆಗೆದು ಮೇಜಿನ ಮೇಲಿಟ್ಟ. ಎರಡರ ಲಿವರೂ ಹಗುರ, ಎರಡೂ ಒಂದೇ ಥರ ಅನ್ನಿಸಿತು. ಆಗ ಹೊಳೆಯಿತು, ಈಗ ಮಧ್ಯಾಹ್ನ! ಮಧ್ಯಾಹ್ನ ನನ್ನ ಕೈಗೆ ಏನು ಬೇಕಾದರೂ ಹಗುರವೇ. ಈ ಬ್ರೇಕ್ ಪಾಸಾಗಬೇಕಾದ್ದು ಬೆಳಗಿನ ಕೈಯಲ್ಲಿ.

ಪಕ್ಕದ ಬೇಕರಿಯಿಂದ ಫ್ರಿಜ್ಜಿನಲ್ಲಿದ್ದ ಎರಡು ನೀರಿನ ಬಾಟಲಿ ತರಿಸಿ, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಸ್ಟೂಲಿನ ಮೇಲೆ ಕೂತೆ. ಅಂಗಡಿಯವನು ಬಾಯಾರಿಕೆ ಅಂದುಕೊಂಡು, "ಕುಡೀರಿ ಮೇಡಂ" ಅಂದ. ಬಂದ ಗಿರಾಕಿಗಳೆಲ್ಲ ನನ್ನನ್ನು ನೋಡಿ ಹೋದರು. ಬೆರಳು ಮರಗಟ್ಟಿ, ಗಿಣ್ಣುಗಳಲ್ಲಿ ಆ ಪರಿಚಯದ ನೋವು ಬಂದ ಮೇಲೆ ಎದ್ದು ಲಿವರ್ ಹಿಡಿದೆ. ಮೊದಲನೆಯದಕ್ಕೆ ಬೆರಳು ಎಟುಕಲೇ ಇಲ್ಲ. ಎರಡನೆಯದರಲ್ಲಿ ಒಂದು ಸಣ್ಣ ತಿರುಪು ಇತ್ತು. ಅದನ್ನು ತಿರುಗಿಸಿದರೆ ಲಿವರ್ ಹ್ಯಾಂಡಲ್ಲಿನ ಹತ್ತಿರಕ್ಕೆ ಬರುತ್ತದೆ. ಹತ್ತಿರ ಮಾಡಿಸಿಕೊಂಡು ಎರಡೇ ಎರಡು ಬೆರಳಿನಿಂದ ಎಳೆದೆ. ಬಂತು! ಅಲ್ಲೇ ಕೂರಿಸಲು ಹೇಳಿದೆ. ಸಂಜೆ ಇಕ್ಕೇರಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ, ಹಿಡಿದೂ ಬಿಟ್ಟೂ ಹಿಡಿದೂ ಬಿಟ್ಟೂ ವಾಪಸ್ಸು ಬರುವಾಗ ಒಬ್ಬಳೇ ನಗುತ್ತಿದ್ದೆ.

ಬೇಸಿಗೆ ಪೂರ್ತಿ ಸುಖವಾಗಿತ್ತು. ರಜೆಯಲ್ಲೂ ಏನಾದರೊಂದು ನೆಪ ತೆಗೆದು ಆ ಇಳಿಜಾರು ಇಳಿಯುತ್ತಿದ್ದೆ. ಇವರು ಸ್ಕೂಟಿಯ ಮಾತೆತ್ತಲಿಲ್ಲ, ಮೆಚ್ಚಿಕೊಳ್ಳಲೂ ಇಲ್ಲ.

ಮಳೆ ಹಿಡಿಯುವ ಮುಂಚೆ ನಮ್ಮ ಕಡೆ ಒಂದು ಕೆಲಸ ಇದೆ. ಮನೆಯಲ್ಲಿ ಕಬ್ಬಿಣದ್ದು ಅಂತ ಇರುವುದಕ್ಕೆಲ್ಲ ಎಣ್ಣೆ ಸವರುವುದು. ಕತ್ತಿ, ಹಾರೆ, ಬೀಗ, ಬಾಗಿಲ ತಿರುಗಣಿ, ಹೊಲಿಗೆ ಮಿಷನ್ನು, ಕೊಡೆಯ ಕಡ್ಡಿ. ಇಲ್ಲದಿದ್ದರೆ ಆಷಾಢ ಬರುವುದರೊಳಗೆ ತುಕ್ಕು ತಿಂದು ಹಾಕುತ್ತದೆ. ನಮ್ಮಲ್ಲಿ ಅದು ಇವರ ಕೆಲಸ, ಬಟ್ಟೆ ಚೂರು ಹಿಡಿದು ಇಡೀ ಭಾನುವಾರ ಮಾಡುತ್ತಾರೆ. ಶಾಲೆ ಶುರುವಾಗಿ ಕೆಲವೇ ದಿನ. ಸೋಮವಾರ ಬೆಳಿಗ್ಗೆ ತುಂತುರು ಮಳೆಯಲ್ಲಿ ಹೊರಟೆ. ಇಳಿಜಾರಿನ ಅರ್ಧದಲ್ಲಿ ಎರಡೂ ಲಿವರ್ ಎಳೆದೆ. ಲಿವರ್ ಬಂತು, ಸೈಕಲ್ ನಿಲ್ಲಲಿಲ್ಲ. ಇನ್ನೂ ಎಳೆದೆ, ಕಿರ್‍ ಅನ್ನುವ ಸದ್ದು ಮಾತ್ರ. ರಸ್ತೆ ಪಕ್ಕ ಗೋಡೆಯಂತೆ ಎದ್ದ ಧರೆಯ ಹಸಿ ಮಣ್ಣಿಗೆ ಸೈಕಲ್ಲನ್ನು ಒರಗಿಸಿ, ಭುಜ ಉಜ್ಜಿಕೊಂಡು ಹೋಗಿ, ಮೋರಿಗೆ ಇನ್ನೇನು ಅನ್ನುವಲ್ಲಿ ನಿಂತೆ.

ಸೈಕಲ್ ನೂಕಿಕೊಂಡು ಮನೆಗೆ ವಾಪಸ್ಸು ಬರುವಾಗ ಅಳು ತಡೆಯಲು ಆಗಲಿಲ್ಲ. ಇಷ್ಟೆಲ್ಲ ನೋಡಿ ಆರಿಸಿದ್ದು ಮೊದಲ ಮಳೆಗೇ ಕೈ ಕೊಟ್ಟಿತಲ್ಲ, ಇನ್ನು ನನ್ನ ಹತ್ತಿರ ಏನು ಉಳಿಯಿತು ಅಂತ. ಅಂಗಳದಲ್ಲಿ ನನ್ನ ಅವತಾರ ನೋಡಿ ಇವರು ಓಡಿ ಬಂದರು. ಬ್ರೇಕ್ ಹಿಡಿಯಲಿಲ್ಲ ಅಂದೆ. ಬಗ್ಗಿ ಡಿಸ್ಕ್ ಮುಟ್ಟಿದರು. ಬೆರಳು ನೋಡಿಕೊಂಡರು.

"ನಿನ್ನೆ ಎಣ್ಣೆ ಹಾಕಿದೆ ಕಣೇ. ಡಿಸ್ಕ್ ಮೇಲೆ ಸ್ವಲ್ಪ ತುಕ್ಕು ಇದ್ದ ಹಾಗಿತ್ತು."

ಡಿಸ್ಕಿಗೆ ಎಣ್ಣೆ ತಾಗಿಸಬಾರದು ಅಂತ ಸಾಗರದವನು ಹೇಳಿರಲಿಲ್ಲ. ಅದನ್ನೂ ಹೇಳಬೇಕು ಅಂತ ಯಾರಿಗೆ ಹೊಳೆಯುತ್ತದೆ? ಆದರೆ ಆ ಗಳಿಗೆಯಲ್ಲಿ ನನಗೆ ನ್ಯಾಯ ಅನ್ಯಾಯ ಏನೂ ಕಾಣಲಿಲ್ಲ. "ಹಿಡಿಯೋ ಜಾಗಕ್ಕೇ ಎಣ್ಣೆ ಹಾಕ್ತಾರಾ ಯಾರಾದ್ರೂ? ನನ್ನ ಕೊಲ್ಲಕ್ಕೆ ಹೊರಟಿದ್ರಾ?" ಅಂತ ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಇವರು ಸಾಗರದ ಅಂಗಡಿಗೆ ಫೋನು ಮಾಡಿದರು. ಪ್ಯಾಡು ಎಣ್ಣೆ ಕುಡಿದುಬಿಟ್ಟಿದೆ, ಇನ್ನು ಕೆಲಸಕ್ಕೆ ಬರುವುದಿಲ್ಲ, ಹೊಸದೇ ಹಾಕಬೇಕು, ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು ಅಂದನಂತೆ. ಗಿರಣಿಗೆ ಬೀಗ ಹಾಕಿ ಬಸ್ಸು ಹತ್ತಿದವರು ಕತ್ತಲಾಗುವಾಗ ಪ್ಯಾಡು ಹಿಡಿದುಕೊಂಡು ಬಂದರು. ಸೈಕಲ್ ಕೊಟ್ಟುಬಿಡುವ ಮಾತು ಈಗ ಬರುತ್ತದೆ, ಬಂದರೆ ಇವತ್ತು ಬೇಡ ಅನ್ನುವ ಶಕ್ತಿ ನನಗಿಲ್ಲ ಅಂದುಕೊಂಡು ಊಟಕ್ಕೆ ಬಡಿಸಿದೆ. ಅವರು ಆ ಮಾತೆತ್ತಲೇ ಇಲ್ಲ.

ಮಾರನೇ ಬೆಳಿಗ್ಗೆ ನಾನೇಳುವುದರೊಳಗೆ ಡಿಸ್ಕ್ ಒರೆಸಿ, ಪ್ಯಾಡು ಕೂರಿಸಿ ಮುಗಿದಿತ್ತು. ಇವರೂ ಕಾಣಲಿಲ್ಲ, ಸೈಕಲ್ಲೂ ಕಾಣಲಿಲ್ಲ. ಇಳಿಜಾರಿನ ತಲೆಗೆ ಓಡಿದೆ. ಮದುವೆಯಾದ ಮೇಲೆ ಸೈಕಲ್ ಮುಟ್ಟದ ಮನುಷ್ಯ, ಲುಂಗಿ ಎತ್ತಿ ಕಟ್ಟಿ, ಒದ್ದೆ ರಸ್ತೆಯಲ್ಲಿ ಓಲಾಡುತ್ತಾ ಕೆಳಗೆ ಹೋಗುತ್ತಿದ್ದರು. ತಿರುವಿನಲ್ಲಿ ಮರೆಯಾದರು. ಸದ್ದೇ ಇಲ್ಲ. ದಿನಾ ನಾನು ಹೋದ ಮೇಲೆ ಇವರೂ ಅಂಗಳದಲ್ಲಿ ಹೀಗೆ ಕಿವಿ ಕೊಟ್ಟು ನಿಂತಿರುತ್ತಾರೆ, ಗಿರಣಿ ತೆಗೆಯುವುದು ತಡವಾಗುವುದು ಇದಕ್ಕೇ ಅಂತ ಆಗ ಹೊಳೆಯಿತು.

ಸ್ವಲ್ಪ ಹೊತ್ತಿಗೆ ಸೈಕಲ್ ನೂಕುತ್ತಾ ಮೇಲೆ ಬಂದರು. ಏದುಸಿರು, ಮೈಯೆಲ್ಲ ಬೆವರು.

"ಬುದ್ಧಿ ಇದೆಯೇನ್ರೀ ನಿಮಗೆ? ತಲೆಗೊಂದು ಹೆಲ್ಮೆಟ್ ಇಲ್ಲ!"

"ಹೊಸ ಪ್ಯಾಡು ಒಂದೇ ಸಲಕ್ಕೆ ಹಿಡಿಯಲ್ಲಂತೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಪಳಗಿಸ್ಬೇಕಂತೆ" ಅಂದರು. "ಮೊದಲನೇ ಸಲ ಹಿಡೀಲೇ ಇಲ್ಲ, ಚರಂಡಿಗೆ ಹೋದೆ. ಈಗ ಪರವಾಗಿಲ್ಲ."

ಆಗ ನೋಡಿದೆ, ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ನಾನು ಬಾಯಿ ತೆರೆಯುವುದರೊಳಗೆ ಸೈಕಲ್ ತಿರುಗಿಸಿಕೊಂಡು, ಇನ್ನೊಂದು ಸಲ ನೋಡಿ ಬರುತ್ತೇನೆ, ಆಮೇಲೆ ನೀನು ಹತ್ತು ಅಂತ ಹೇಳಿ ಮತ್ತೆ ಇಳಿದರು.