ಲಿಫ್ಟಿನಲ್ಲಿ ಹರಿದ ಗೊಬ್ಬರದ ಚೀಲ

ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಕೈತೋಟ ಮಾಡಲು ಹೊರಟಿದ್ದು ದೀಪಾವಳಿ ಕಳೆದು ಚಳಿ ಶುರುವಾದ ಮೇಲೆ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಜಾಗ ಹಂಚಿದೆ. ಇಲ್ಲಿ ಮೆಂತ್ಯ, ಅಲ್ಲಿ ಟೊಮೆಟೊ, ಬಿಸಿಲು ಚೆನ್ನಾಗಿ ಬೀಳುವ ಮೂಲೆಯಲ್ಲಿ ಪುಂಡಿಪಲ್ಯ. ಬೀದರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಅದನ್ನು ನೋಡಿ ನಕ್ಕರು.

"ಗೆರಿ ಹೊಡದ್ರ ಪಲ್ಯ ಬರತದೇನು? ಮೊದಲ ಗೊಬ್ಬರ ತರಸು."

ತರಿಸಿದೆ. ಡೈರಿಯವನು ಒಣಗಿದೆ ಎಂದು ಹೇಳಿ ಅರೆಹಸಿ ಗೊಬ್ಬರವನ್ನು ಹಳೆಯ ಚೀಲವೊಂದಕ್ಕೆ ತುಂಬಿ, ಭಾನುವಾರ ಬೆಳಿಗ್ಗೆ ಗೇಟಿನ ಬಳಿ ಇಳಿಸಿ ಹೋದ. ನಾನೂ ಅತ್ತೆಯೂ ಎಳೆದಾಡಿ ಅದನ್ನು ಲಿಫ್ಟಿಗೆ ಹಾಕಿದೆವು.

ಲಿಫ್ಟ್ ಮೂರನೇ ಮಹಡಿಯಲ್ಲಿ ನಿಂತಿತು. ಬಾಗಿಲು ತೆರೆದರೆ ಎದುರಿಗೆ ರೇಷ್ಮೆ ಸೀರೆ ಉಟ್ಟ, ಆ ಮಹಡಿಯ ತೆಲುಗು ಮನೆಯಾಕೆ. ಅವರ ಮಗಳನ್ನು ನೋಡಲು ಅಂದು ಗಂಡಿನ ಕಡೆಯವರು ಬರುವವರಿದ್ದರು. ಅವರನ್ನು ಎದುರುಗೊಳ್ಳಲು ಆಕೆ ಕೆಳಗೆ ಹೊರಟಿದ್ದರು. ಜಾಗ ಬಿಡೋಣವೆಂದು ಚೀಲವನ್ನು ಜಗ್ಗಿದೆ. ತಳ ಹರಿದು ಗೊಬ್ಬರವೆಲ್ಲ ಬಾಗಿಲಿನ ಸಂದಿಗೆ ಸುರಿಯಿತು. ಬಾಗಿಲು ಅರ್ಧ ಮುಚ್ಚಿ, ಮತ್ತೆ ತೆರೆದು, ಹಾಗೇ ನಿಂತುಬಿಟ್ಟಿತು.

ನನಗೆ ಬರುವ ಅಷ್ಟಿಷ್ಟು ತೆಲುಗೂ ಮರೆತುಹೋಯಿತು. ಅತ್ತೆ ಮಾತ್ರ ದೊಡ್ಡ ದನಿಯಲ್ಲಿ, "ಏನ್ ಆಗಂಗಿಲ್ರಿ, ಹೆಂಡಿ ಅಂದ್ರ ಲಕ್ಷ್ಮಿ. ಛಲೋನೇ ಆಗತದ" ಎಂದು ಕನ್ನಡದಲ್ಲೇ ಸಮಾಧಾನ ಹೇಳಿದರು. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಟ್ಟಿಲು ಇಳಿದರು.

ಗಂಡಿನ ಕಡೆಯವರೆಲ್ಲ ಮೆಟ್ಟಿಲು ಹತ್ತಿಯೇ ಬಂದರು. ಅವರಲ್ಲಿ ಹುಡುಗನ ಅಜ್ಜಿಯೂ ಇದ್ದರು, ಮಂಡಿನೋವಿನವರು. ನಾನು ಮೊಣಕಾಲೂರಿ ಸಂದಿಯಿಂದ ಗೊಬ್ಬರ ಕೆದಕುತ್ತಿದ್ದರೆ, ಕೆಳಗಿನಿಂದ ಅವರ ಏದುಸಿರು ಕೇಳಿಸುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿ ನಿಲ್ಲುವರು, ಮತ್ತೆ ಹತ್ತುವರು. ಕೊನೆಗೆ ನನ್ನ ಪಕ್ಕದಲ್ಲೇ ಹಾದು ಹೋದರು. ನಾನು ತಲೆ ಎತ್ತಲಿಲ್ಲ. ಹುಡುಗನ ಶೂ ಮಾತ್ರ ಕಂಡಿತು. ಗೊಬ್ಬರ ತುಳಿಯದಂತೆ ಅವನು ಗೋಡೆಗೆ ಒತ್ತಿಕೊಂಡು ನಡೆದ.

ಸಂಜೆ ಕ್ಷಮೆ ಕೇಳಲು ಹೋದೆ. ಆಕೆ ಬಾಗಿಲು ಅರ್ಧ ತೆರೆದು, "ಪರವಾಲೇದಮ್ಮಾ" ಎಂದು ಮುಚ್ಚಿಕೊಂಡರು.

ಆಮೇಲೆ ಲಿಫ್ಟ್ ರಿಪೇರಿಯಾದರೂ ನನಗೆ ಅದನ್ನು ಹತ್ತಲು ಮನಸ್ಸಾಗಲಿಲ್ಲ, ಒಳಗೆ ಯಾರಾದರೂ ಸಿಕ್ಕರೆ ಎಂದು. ಮೆಟ್ಟಿಲಲ್ಲಿ ಹೋಗುವಾಗಲೂ ಮೂರನೇ ಮಹಡಿ ಬಂದರೆ ಚಪ್ಪಲಿ ಸದ್ದಾಗದಂತೆ ದಾಟುತ್ತಿದ್ದೆ. ಆ ಸಂಬಂಧ ಕೂಡಿಬರಲಿಲ್ಲವೆಂದು ಕೆಲಸದಾಕೆಯಿಂದ ಗೊತ್ತಾಯಿತು. ನನ್ನಿಂದಲೇ ಎಂದು ಯಾರೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಮಣ್ಣು ಕಲಸಿ ತುಂಬಿದ ಕುಂಡಗಳು ತಾರಸಿಯಲ್ಲಿ ಹಾಗೇ ಕೂತಿದ್ದವು. ಬೀಜ ಹಾಕಲು ಕೈ ಬರಲಿಲ್ಲ. "ಥಂಡಿ ಮುಗದ ಮ್ಯಾಲ ಹಾಕ್ತಿಯೇನು?" ಎಂದು ಅತ್ತೆ ಗೊಣಗುತ್ತಿದ್ದರು.

ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ನಾನು ತಾರಸಿಯಲ್ಲಿದ್ದಾಗ ಆಕೆ ಸಂಡಿಗೆ ಹಾಕಲು ಬಂದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಧೈರ್ಯ ಮಾಡಿ ತೆಲುಗಿನಲ್ಲಿ ಕೇಳಿಯೇಬಿಟ್ಟೆ:

"ಅವತ್ತು ನನ್ನಿಂದಲೇ ಅಲ್ವಾ ಅಕ್ಕಾ, ಸಂಬಂಧ ತಪ್ಪಿದ್ದು?"

"ಅಯ್ಯೋ, ಗೊಬ್ಬರಕ್ಕೆ ಯಾರಾದರೂ ಬೇಡ ಅಂತಾರೇನಮ್ಮಾ? ಆ ಹುಡುಗನ ಮನಸ್ಸು ಬೇರೆ ಕಡೆ ಇತ್ತಂತೆ. ಅಪ್ಪ ಅಮ್ಮನ ಮಾತಿಗೆ ಬಂದು ಕೂತು ಹೋದ."

ಎದೆಯ ಭಾರ ಇಳಿದಂತಾಗಿ ನಾನು ನಕ್ಕುಬಿಟ್ಟೆ. "ಸದ್ಯ!" ಎಂದೂ ಅಂದೆ.

ಆಕೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ನಮ್ಮ ಹುಡುಗಿಗೆ ಅವನು ಹಿಡಿಸಿದ್ದ" ಎಂದರು.

ಗೊಬ್ಬರ ಚೆಲ್ಲಿದ ದಿನವೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಇಷ್ಟು ದಿನ ನಾನು ಚಿಂತಿಸಿದ್ದೆಲ್ಲ ನನ್ನ ಮರ್ಯಾದೆಯ ಬಗ್ಗೆ. ಆ ಹುಡುಗಿ ಹೇಗಿದ್ದಾಳೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಆಕೆ ಹಾಸುತ್ತಿದ್ದ ಹಳೆಯ ಸೀರೆ ಗಾಳಿಗೆ ಮಡಚಿಕೊಳ್ಳುತ್ತಿತ್ತು. ಹೋಗಿ ಒಂದು ತುದಿ ಹಿಡಿದುಕೊಂಡೆ. ಆಕೆ ಬೇಡ ಅನ್ನಲಿಲ್ಲ.