ಚಿಕ್ಕತ್ತೆಯ ಚಪ್ಪಲಿ

ನಿನ್ನೆ ಬೆಳಗ್ಗೆ ಬಾವಿಯಿಂದ ನೀರು ಸೇದಿದೆ, ಬಚ್ಚಲೊಲೆಗೆ ಉರಿ ಹಾಕಿದೆ, ಹುರುಳಿ ನೆನೆಸಿಟ್ಟೆ, ಸೀಮೆಎಣ್ಣೆ ಸ್ಟೌವಿನ ಬತ್ತಿ ಕತ್ತರಿಸಿದೆ. ಆಮೇಲೆ ಯಲಹಂಕದಿಂದ ಬಸ್ಸು ಹತ್ತಿ ಒಂದು ಕೆರೆಬಯಲನ್ನು ಉಳಿಸಲು ಹೊರಟೆ. (ನಗಬೇಡಿ. ಕೈಯಲ್ಲಿದ್ದದ್ದು ಎಲೆಅಡಿಕೆ ಚೀಲ ಮಾತ್ರ.)

ವಿಷಯ ಇಷ್ಟೆ. ಕೊಡಿಗೇಹಳ್ಳಿಯಲ್ಲಿ ನಮ್ಮ ಯಜಮಾನರ ಕಡೆಯವರೆಲ್ಲ ಸೇರಿ ಕೆರೆ ಕೆಳಗಿನ ಹೊಲಗಳನ್ನೂ ಪಕ್ಕದ ಹುಣಿಸೆ ತೋಪನ್ನೂ ಒಂದು ಟ್ರಸ್ಟಿಗೆ ಬರೆದುಕೊಟ್ಟಿದ್ದಾರೆ. ಉಳುವವರು ಅವರೇ, ಬೆಳೆಯೂ ಅವರದೇ. ಆದರೆ ಸೈಟಿಗೋ ಇಟ್ಟಿಗೆ ಗೂಡಿಗೋ ಮಾರುವ ಹಾಗಿಲ್ಲ, ತೋಪಿನ ಮರ ಕಡಿಯುವ ಹಾಗಿಲ್ಲ.

ಎಲ್ಲರ ರುಜು ಬಿದ್ದಿತ್ತು. ಬಯಲಿನ ನಟ್ಟನಡುವೆ ಹೊಲವಿರುವ ಚಿಕ್ಕತ್ತೆ ಕೆಂಪಮ್ಮ ಮಾತ್ರ ಒಲ್ಲೆ ಅಂದುಬಿಟ್ಟರು. ಇಟ್ಟಿಗೆ ಕಂಟ್ರಾಕ್ಟರು ಕಾರಿನಲ್ಲಿ ಅವರ ಮನೆಗೆ ಬಂದು ಹೋಗಿದ್ದ. ನಡುವೆ ಗೂಡು ಎದ್ದರೆ ಸುತ್ತಲಿನ ರಾಗಿ ಹೊಗೆ ಕುಡಿದು ಬೆಳೆಯಬೇಕೆ? ತೋಪಿನ ಕೊಕ್ಕರೆಗಳು ಎಲ್ಲಿಗೆ ಹೋಗಬೇಕು?

"ಮುದುಕಿಗೆ ಕಾಸಿನಾಸೆ," ಅಂದರು ಯಜಮಾನರು.

ಚಿಕ್ಕತ್ತೆಯ ಮನೆ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿ ಕೊಡುತ್ತ ಕೇಳಿದೆ, "ಯಾಕತ್ತೆ, ಮಾರೋ ಯೋಚ್ನೆನಾ?"

"ಥೂ, ಮಾರೋಳ್ ಯಾರೇ? ನಮ್ಮೂರಾಗೆ ಜಮೀನು ಬರ್ಕೊಡೋದು ದೇವ್ರಿಗೆ ಕಣೇ. ಆಮ್ಯಾಕೆ ಅದು ದೇವ್ರ ಒಲ. ಚಪ್ಲಿ ಮೆಟ್ಟಂಗಿಲ್ಲ, ಉಗಿಯಂಗಿಲ್ಲ. ಈ ಎಲಡಿಕೆ ಬಿಟ್ಟು ನಾನು ಕಳೆ ಕೀಳೋದೆಂಗೆ? ಕಾಲಾಗೆ ಆಣಿ ಬೇರೆ!"

"ಇದು ದೇವ್ರಿಗಲ್ಲತ್ತೆ. ಹೊಲ ಹೊಲವಾಗೇ ಇರ್ಲಿ ಅಂತ ನೀವೆಲ್ಲ ಸೇರಿ ಹಾಕ್ಕೊಳ್ಳೋ ಕಟ್ಟು. ನಿಮ್ಮ ಹೊಲ, ನಿಮ್ಮ ಚಪ್ಲಿ."

ಚಿಕ್ಕತ್ತೆ ನಂಬಲಿಲ್ಲ. ಆಗಲೇ ರುಜು ಹಾಕಿದ್ದ ಮೈದುನ ಮುನಿಯಪ್ಪನ ಹೊಲಕ್ಕೆ ನನ್ನನ್ನು ಎಳೆದುಕೊಂಡು ಹೋದರು. ಚಪ್ಪಲಿ ಮೆಟ್ಟಿಕೊಂಡೇ ಬದು ದಾಟಿ ಒಳಗಿಳಿದು, ಬಾಯ್ತುಂಬ ಕೆಂಪಗೆ ಉಗಿದರು. ಕಳೆ ಕೀಳುತ್ತಿದ್ದ ಮುನಿಯಪ್ಪ ತಟ್ಟನೆ ಎದ್ದ.

"ಏನತ್ತಿಗೆ, ಉಗಿಯಾಕೆ ನನ್ ಒಲಾನೇ ಬೇಕಾಗಿತ್ತಾ?"

"ಲೋ ಮುನಿಯ, ನಿನ್ ಒಲ ಅಂದ್ಯಾ? ಬರ್ಕೊಟ್ಟ್ ಮ್ಯಾಲೂ ನಿನ್ದೇನಾ?"

"ನನ್ದಲ್ದೆ ಇನ್ನೇನ್ ನಿಮ್ಮಪ್ಪಂದಾ?"

ಬೈಸಿಕೊಂಡು ಇಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ. ಸಂಜೆಯೊಳಗೆ ಚಿಕ್ಕತ್ತೆಯ ಹೆಬ್ಬೆಟ್ಟೂ ಪತ್ರದ ಮೇಲೆ ಬಿತ್ತು. ಬಸ್ಸಿಗೆ ಕಾಯುವಾಗ ನೋಡಿದೆ, ಕೊಕ್ಕರೆಗಳು ಸಾಲಾಗಿ ತೋಪಿಗೆ ಮರಳುತ್ತಿದ್ದವು. ಅಬ್ಬ, ಅನ್ನಿಸಿತು.

ಮನೆಯಲ್ಲಿ ರಾಗಿಮುದ್ದೆ, ಹುರುಳಿ ಸಾರು. ಚಪ್ಪಲಿಯ ಕತೆ ಕೇಳಿ ಯಜಮಾನರು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಇದೇ ಚಿಂತೆಯಲ್ಲಿ ತಿಂಗಳಿಂದ ನಿದ್ದೆಯಿಲ್ಲದೆ ಹೊರಳಾಡುತ್ತಿದ್ದವರು, ನಾನು ಪಾತ್ರೆ ತೊಳೆಯುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು.

ಒಂದು ಎಲೆಅಡಿಕೆ ಹೊತ್ತು ಕೂತು ಚಿಕ್ಕತ್ತೆಯನ್ನೇ ಕೇಳಿದ್ದರೆ, ಆ ನಿದ್ದೆ ತಿಂಗಳ ಹಿಂದೆಯೇ ಬರುತ್ತಿರಲಿಲ್ಲವೆ?