ಮಾವನ ಜೀಪಿನ ಎಣ್ಣೆ ಪರೀಕ್ಷೆ

ಮೊನ್ನೆ ಮಗಳ ಜೊತೆ ಮಡಿಕೇರಿಯ ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿಯ ಹುಡುಗ ಅವಳ ಗಾಡಿಯಿಂದ ಹಳೆಯ ಇಂಜಿನ್ ಆಯಿಲನ್ನು ಇಳಿಸಿ, ಅದರಲ್ಲಿ ಸ್ವಲ್ಪವನ್ನು ಪುಟ್ಟ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಮೇಲೊಂದು ಚೀಟಿ ಅಂಟಿಸಿದ. "ಟೆಸ್ಟಿಗೆ ಕಳಿಸ್ತೇವೆ ಅಜ್ಜಿ, ಇಂಜಿನ್ ಎಷ್ಟು ಸವೆದಿದೆ ಅಂತ ಗೊತ್ತಾಗ್ತದೆ" ಎಂದ. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಹುಡುಗ ಪಾಪ, ತಾನೇನೋ ತಪ್ಪು ಹೇಳಿದೆನೆಂದು ಪೆಚ್ಚಾದ. ಅವನಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ನಾನು ಮದುವೆಯಾಗಿ ಭಾಗಮಂಡಲದ ಕಡೆಯ ಆ ಮನೆಗೆ ಸೇರಿದ್ದೂ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಹೊಂದಿಕೊಳ್ಳಲು ಇಬ್ಬರಿಗೂ ಸಮಯ ಹಿಡಿಯಿತು. ಕೊಡಗಿನ ವಿಷಯ ಬಲ್ಲವರು ಹೇಳಲಿ. ನನ್ನ ಕಷ್ಟವೆಂದರೆ ಆ ಮನೆಯಲ್ಲಿ ಗಂಡ, ಅತ್ತೆ, ಮಾವನ ಜೊತೆಗೆ ಒಂದು ಜೀಪೂ ಇತ್ತು, ಮತ್ತು ಗೌರವದಲ್ಲಿ ಅದು ನನಗಿಂತ ಮೇಲಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪು ಅದು. ಮಾವನೂ ಮಿಲಿಟರಿಯಿಂದಲೇ ಬಂದವರು. ಅಲ್ಲಿ ಅವರ ಮಾತಿಗೆ ಹತ್ತಾರು ಜನ ಎದ್ದು ನಿಲ್ಲುತ್ತಿದ್ದರಂತೆ. ಮನೆಯಲ್ಲಿ ಅವರ ಮಾತು ಕೇಳುತ್ತಿದ್ದದ್ದು ಜೀಪೊಂದೇ, ಅದೂ ಮನಸ್ಸು ಬಂದ ದಿನ.

ಅತ್ತೆಗೆ ಜೀಪನ್ನು ಕಂಡರಾಗದು. ಅದು ಅಂಗಳದಲ್ಲಿ ಸ್ಟಾರ್ಟಾದರೆ ಒಣಗಲು ಹಾಕಿದ ಸೀರೆಗಳೆಲ್ಲ ಹೊಗೆಯ ಬಣ್ಣಕ್ಕೆ ತಿರುಗುತ್ತಿದ್ದವು.

"ಇಂಜಿನ್ ಸವೆದುಟ್ಟು. ಮಾರಿಬುಡಿ" ಎನ್ನುತ್ತಿದ್ದರು ಅತ್ತೆ. ಆ ಮನೆಯ ಮಾತಿನಲ್ಲಿ 'ಉಟ್ಟು' ಎಂದರೆ ಉಂಟು, ಪದದ ಕೊನೆಗೆ 'ಲೆ' ಬಂದರೆ ಇಲ್ಲ.

"ಇಂಜಿನ್ ಒಳ್ಳೆದುಟ್ಟು. ನಿಂಗೆ ಎಂಥ ಗೊತ್ತುಟ್ಟು?" ಎನ್ನುತ್ತಿದ್ದರು ಮಾವ. ಹಾಗೆಂದು ಹೋಗಿ ಇಂಜಿನ್ನಿನ ಅಳತೆಕಡ್ಡಿ ಎಳೆದು, ಎಣ್ಣೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ, ಕಣ್ಣು ಮುಚ್ಚಿ ಮೂಸುತ್ತಿದ್ದರು. ಜಾತಕ ನೋಡುವವರೂ ಅಷ್ಟು ಗಂಭೀರವಾಗಿರುವುದಿಲ್ಲ. ಪ್ರತಿಸಲವೂ ಫಲ ಶುಭವೇ.

ಆಗ ನಮ್ಮ ಕಡೆಯ ತೋಟಗಳಿಗೆ ಮಂಗಳೂರಿನಿಂದ ಇಂಜಿನ್ ಎಣ್ಣೆ ಮಾರುವ ಏಜೆಂಟೊಬ್ಬರು ಬರುತ್ತಿದ್ದರು. ಒಮ್ಮೆ ನಮ್ಮಲ್ಲಿ ಕಾಫಿ ಕುಡಿಯುತ್ತಾ ಅವರೇ ವಿಷಯ ಎತ್ತಿದರು. ಇಂಜಿನ್ನಿನ ಭಾಗಗಳು ಉಜ್ಜಿ ಉಜ್ಜಿ ಸವೆದರೆ ಲೋಹದ ಪುಡಿ ಎಣ್ಣೆಗೆ ಇಳಿಯುತ್ತದೆ. ಬಳಸಿದ ಎಣ್ಣೆಯನ್ನು ಪರೀಕ್ಷೆಗೆ ಕಳಿಸಿದರೆ ಕಬ್ಬಿಣ ಎಷ್ಟು, ತಾಮ್ರ ಎಷ್ಟು ಎಂದು ನೋಡಿ, ಇಂಜಿನ್ ಬಿಚ್ಚದೆಯೇ ಹಣೆಬರಹ ಹೇಳಬಹುದು. ಅತ್ತೆ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

"ನಂಗೆ ಗೊತ್ಲೆ, ನಿಮ್ಗೂ ಗೊತ್ಲೆ. ಗೊತ್ತಿರವ್ಕೆ ತೋರ್ಸಿ. ಎಣ್ಣೇಲಿ ಕಬ್ಬಿಣ ಬಂದರೆ ಜೀಪು ಮಾರೊಕು" ಎಂದು ಪಣ ಹಾಕಿದರು. ಏಜೆಂಟರ ಎದುರು ಹಿಂಜರಿಯುವುದುಂಟೇ? ಮಾವ ಒಪ್ಪಿದರು. ಒಪ್ಪಿದ ಮೇಲೆ ಮಾತ್ರ ಆ ಹೊತ್ತು ಅವರಿಗೆ ಊಟ ಸೇರಲಿಲ್ಲ.

ಮಾಜಿ ಸೈನಿಕರ ಮನೆಯಲ್ಲಿ ರಮ್ ಬಾಟಲಿಗೆ ಬರವಿಲ್ಲ. ಮಾವ ಜೀಪಿನ ಕೆಳಗೆ ಮಲಗಿ, ಎಣ್ಣೆ ಇಳಿಸಿ, ಒಂದು ರಮ್ ಬಾಟಲಿಗೆ ತುಂಬಿ ಬೂಚು ಹಾಕಿ, ಅಡುಗೆಮನೆಯ ಹಲಗೆಯ ಮೇಲಿಟ್ಟರು. ಎಡವಟ್ಟಾದದ್ದು ಅಲ್ಲೇ. ಅದೇ ಹಲಗೆಯ ಮೇಲೆ, ಅಂಥದೇ ಬಾಟಲಿಯಲ್ಲಿ ಅತ್ತೆಯ ಕಾಚಂಪುಳಿ ಇತ್ತು. ಹೊರಗಿನವರಿಗೆ ಹೇಳುವುದಾದರೆ, ಹುಳಿಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಮಂದವಾಗಿಸಿದ್ದು. ಅದಿಲ್ಲದೆ ನಮ್ಮಲ್ಲಿ ಹಂದಿ ಮಾಂಸದ ಸಾರು ಇಲ್ಲ. ನೋಡಲು ಥೇಟ್ ಹಳೆಯ ಇಂಜಿನ್ ಆಯಿಲ್. ಮರುದಿನ ಏಜೆಂಟರು ಬಂದಾಗ ಮಾವ ತೋಟದಲ್ಲಿದ್ದರು. ಅತ್ತೆ ಕೈಗೆ ಸಿಕ್ಕ ಬಾಟಲಿಯನ್ನು ಕೊಟ್ಟು ಕಳಿಸಿದರು.

ಅದು ಬೆಳಕಿಗೆ ಬಂದದ್ದು ಕೈಲ್ ಮುಹೂರ್ತದ ಹಬ್ಬದ ದಿನ. ಒಲೆಯ ಮೇಲೆ ಹಂದಿ ಮಾಂಸ ಕುದಿಯುತ್ತಿತ್ತು. ಅತ್ತೆ ಬಾಟಲಿ ಬೂಚು ತೆಗೆದು ಬಗ್ಗಿಸಲು ಹೋದವರು ಗಕ್ಕನೆ ನಿಂತರು. ಮೂಸಿದರು. ಒಂದು ತೊಟ್ಟು ಬೆರಳಿಗೆ ಹಚ್ಚಿ ನನ್ನ ಮೂಗಿನ ಹತ್ತಿರ ಹಿಡಿದರು.

"ಗೂಡೆ, ಇದ್ ನಿನ್ನ ಮಾವನ ಇಂಜಿನ್!"

ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು. "ಈಗ ಹೇಳ್ಬೇಡ. ಏಜೆಂಟ್ ಬರ್ಲಿ, ಅವ್ರ ಎದುರೇ ಹೇಳ್ನೆ" ಎಂದರು ಅತ್ತೆ. ಅಂದಿನ ಸಾರಿಗೆ ನಿಂಬೆಹುಳಿಯೇ ಗತಿಯಾಯಿತು. ಮಾವ ಎರಡು ಸಲ ಬಡಿಸಿಕೊಂಡು, ಬಣ್ಣ ಬರಲಿಲ್ಲವೆಂದು ಟೀಕಿಸಿದರು.

ಏಜೆಂಟರು ಬಂದರು. ಅಂಗಳದಲ್ಲೇ ಕೈ ಮೇಲೆತ್ತಿದರು. "ಎಂಥ ಇಂಜಿನ್ ಮಾರಾಯ್ರೆ ನಿಮ್ಮದು! ಕಬ್ಬಿಣ ಇಲ್ಲ, ತಾಮ್ರ ಇಲ್ಲ, ಹೊಸ ಗಾಡಿಯಲ್ಲೂ ನಾನು ಇಷ್ಟು ಚೊಕ್ಕ ಕಾಣ್ಲಿಲ್ಲ. ಹುಳಿ ಮಾತ್ರ ಸ್ವಲ್ಪ ಜಾಸ್ತಿ ಉಂಟು."

ಬಾಟಲಿಯಲ್ಲಿದ್ದದ್ದು ಎಣ್ಣೆಯೇ ಅಲ್ಲವೆಂದು ಅವರಿಗೆ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಪರೀಕ್ಷೆ ಮಾಡುವವನಿಗೆ ಲೋಹ ಇದೆಯೇ ನೋಡು ಎಂದಷ್ಟೇ ಹೇಳಿರಬೇಕು, ಅವನು ಅಷ್ಟೇ ನೋಡಿದ. ಆಮೇಲೂ ನಾನು ಎಷ್ಟೋ ಕಚೇರಿಗಳನ್ನು ಕಂಡಿದ್ದೇನೆ, ನನಗೆ ಇದರಲ್ಲಿ ಆಶ್ಚರ್ಯವಿಲ್ಲ.

ನಾನು ಅತ್ತೆಯ ಬಾಯನ್ನೇ ನೋಡುತ್ತಿದ್ದೆ. ಅವರು ನೋಡುತ್ತಿದ್ದದ್ದು ಮಾವನನ್ನು. ಮಾವ ಗೆದ್ದೆನೆಂದು ಬೀಗಿದ್ದರೆ ಅತ್ತೆ ಖಂಡಿತ ಹೇಳಿಬಿಡುತ್ತಿದ್ದರು. ಅವರು ಬೀಗಲಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಕಣ್ಣುಗಳು ತುಂಬಿದ್ದವು.

"ಕಾಫಿ ತಣ್ಣಗಾದೆ, ಕುಡಿನಿ" ಎಂದು ಅತ್ತೆ ಒಳಗೆ ಹೋದರು.

ನಾನು ಹಿಂದೆಯೇ ಓಡಿ, ಯಾಕೆ ಹೇಳಲಿಲ್ಲ ಎಂದೆ. "ಅವ್ರ ಮೋರೆ ನೋಡ್ದಾ ನೀ? ಹೇಂಗೆ ಹೇಳುದು?" ಎಂದು ನನ್ನನ್ನೇ ಗದರಿದರು.

ಹುತ್ತರಿ ಹಬ್ಬಕ್ಕೆ ನಾನು ತವರಿಗೆ ಹೋಗಬೇಕಿತ್ತು. ಅಪ್ಪ ಪೊನ್ನಂಪೇಟೆಯ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಪರೀಕ್ಷೆ ಪಾಸಾದ ಜೀಪಿರುವಾಗ ಸೊಸೆ ಬಸ್ಸಿನಲ್ಲಿ ಹೋಗುವುದೇ? ಮಾವ ಸುತರಾಂ ಒಪ್ಪಲಿಲ್ಲ. ಆಗ, ಆವರೆಗೆ ಒಮ್ಮೆಯೂ ಜೀಪು ಹತ್ತದ ಅತ್ತೆ, ಹೊಸ ಸೀರೆಯುಟ್ಟು ಬಂದು ಮುಂದಿನ ಸೀಟಿನಲ್ಲಿ ಕುಳಿತರು. "ನಾನೂ ಬನ್ನೆ" ಎಂದರು. ಕೊನೆಗೂ ಇವಳಿಗೆ ನಂಬಿಕೆ ಬಂತೆಂದು ಮಾವ ದಾರಿಯುದ್ದಕ್ಕೂ ಸೀಟಿ ಹೊಡೆದರು.

ನಾಪೋಕ್ಲು ದಾಟಿದ ಮೇಲಿನ ಏರಿನಲ್ಲಿ ಸೀಟಿಯನ್ನೂ ಮೀರಿಸುವ ಸದ್ದು ಶುರುವಾಯಿತು. ಟಕ ಟಕ, ಆಮೇಲೆ ಢಮಾರ್. ಏರು ಮುಗಿದು ರಸ್ತೆ ಮಟ್ಟಸವಾದಲ್ಲಿ ಜೀಪು ನಿಂತಿತು. ರಸ್ತೆಯ ಮೇಲೆ ಕರಿ ಎಣ್ಣೆ ಹರಿಯಿತು. ಮಾವ ಅದನ್ನು ಅಂಗೈಗೆ ಬಳಿದುಕೊಂಡು ಬಿಸಿಲಿಗೆ ಹಿಡಿದರು. ಲೋಹದ ಚೂರುಗಳು ಮಿಣಮಿಣ ಎಂದವು.

"ಇಷ್ಟ್ ಕಬ್ಬಿಣ ಎಲ್ಲಿಂದ ಬಾತ್? ಪರೀಕ್ಷೇಲಿ ಒಂದ್ ಚೂರೂ ಇತ್ಲೆ!"

ಅತ್ತೆ ರಸ್ತೆಯಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಹಲಗೆ, ಬಾಟಲಿ, ಹಬ್ಬದ ಸಾರು, ಯಾವುದನ್ನೂ ಮುಚ್ಚಿಡಲಿಲ್ಲ. ಮಾವ ಬಾಯಿ ತೆರೆದು ಕೇಳಿದರು. ಈಗ ಗುಡುಗುತ್ತಾರೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವರ ಮುಖ ನಿಧಾನವಾಗಿ ಅರಳಿತು.

"ಹಂಗಾರೆ ನನ್ನ ಜೀಪು ನಪಾಸ್ ಆತ್ಲೆ! ಪರೀಕ್ಷೆಗೇ ಕೂತ್ಲೆ!"

ಇಂಥವರನ್ನು ಏನು ಮಾಡಲಾದೀತು? ಆಮೇಲೆ ಏನೋ ಹೊಳೆದವರಂತೆ ಅತ್ತೆಯ ಕಡೆ ತಿರುಗಿದರು. "ಗೊತ್ತಿದ್ದೂ ನೀ ಯಾಕೆ ಹತ್ತಿದೆ?"

ಅತ್ತೆ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. "ನೂಕಿಕೆ ಜನ ಬೇಡ್ವಾ?" ಎಂದರು.

ಜೀಪನ್ನು ತಿರುಗಿಸಿ, ಇಳಿಜಾರು ಸಿಗುವವರೆಗೆ ಅತ್ತೆಯೂ ನಾನೂ ನೂಕಿದೆವು. ಅತ್ತೆಯ ಬಾಯಿಂದ ಉದ್ದಕ್ಕೂ ಬೈಗುಳ. ಆ ಮನೆ ನನ್ನದು ಎಂದು ನನಗೆ ಅನ್ನಿಸಿದ್ದು ಅಲ್ಲಿ, ಅವರ ಭುಜಕ್ಕೆ ಭುಜ ಕೊಟ್ಟು ನಿಂತಾಗ. ಅದನ್ನು ಅವರಿಗೆ ಎಂದೂ ಹೇಳಲಿಲ್ಲ. ಹೇಳಿದ್ದರೆ ನನಗೂ ಬೈಯುತ್ತಿದ್ದರು.

ಗ್ಯಾರೇಜಿನಲ್ಲಿ ಮಗಳು ಕೇಳುತ್ತಿದ್ದಳು. "ರಿಪೋರ್ಟ್ ಬರೋದು ತಡವಂತೆ ಅಮ್ಮಾ, ಇಂಜಿನ್ ಹೇಗಿದ್ಯೋ ಏನೋ. ಗಾಡಿ ಇಲ್ಲೇ ಬಿಟ್ಟು ಬಸ್ಸಿಗೆ ಹೋಗೋಣ್ವಾ?"

"ಗಾಡಿ ತೆಗಿ" ಎಂದೆ. ಯಾವಾಗಲೂ ಹಿಂದಿನ ಸೀಟಿನಲ್ಲಿ ಕುಳಿತು ಅವಳ ಡ್ರೈವಿಂಗಿಗೆ ಕೊಂಕು ತೆಗೆಯುವ ನಾನು, ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ಮಗಳು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು.